ಪರೀಕ್ಷೆ ದಿನ ಡೆಂಗಿ ಬಂದರೆ ಅದೂ ಫೇಲೇ?

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಪರೀಕ್ಷೆ ಹೊತ್ತಲ್ಲಿ ಹುಷಾರು ತಪ್ಪಿದರೆ ಈಗ ಒಂದು ದಾರಿ ಇದೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂಬ ಪದ್ಧತಿ ಬಂತು. ಮೊದಲನೆಯದು ತಪ್ಪಿದರೆ ಕೆಲವೇ ವಾರಗಳಲ್ಲಿ ಇನ್ನೊಂದು ಬರೆಯಬಹುದು. ಅದೇ ಮಕ್ಕಳು ಡಿಗ್ರಿಗೆ ಸೇರಿದ ಮೇಲೆ ಈ ದಯೆ ಎಲ್ಲಿ ಹೋಗುತ್ತದೆ?

ನಮ್ಮ ತಾಲ್ಲೂಕಿನ ಒಬ್ಬ ಬಿಕಾಂ ಹುಡುಗಿ. ಸೆಮಿಸ್ಟರ್ ಪರೀಕ್ಷೆಯ ವಾರದಲ್ಲೇ ಡೆಂಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಎರಡು ಪೇಪರ್ ಮುಗಿದುಹೋದವು. ಅಪ್ಪ ಡಿಸ್ಚಾರ್ಜ್ ಚೀಟಿ ಹಿಡಿದು ಕಾಲೇಜಿಗೆ ಹೋದರೆ ಕ್ಲರ್ಕ್ ಹೇಳಿದ್ದು ಒಂದೇ ಮಾತು: "ಯಜಮಾನ್ರೇ, ಇದಕ್ಕೆ ರೂಲ್ಸ್ ಇಲ್ಲ. ಮುಂದಿನ ಸಲ ಫೀಸ್ ಕಟ್ಟಿ ಬರೀಲಿ." ಕ್ಲರ್ಕ್ ಸುಳ್ಳು ಹೇಳಲಿಲ್ಲ. ಅವರ ಕೈಯಲ್ಲಿ ಅಂಥ ಫಾರಂ ಇಲ್ಲವೇ ಇಲ್ಲ.

ಮುಂದಿನ ಸಲ ಬರೆದರೆ ಏನು ಕಳೆದುಕೊಂಡ ಹಾಗಾಯ್ತು ಅನ್ನುವವರಿದ್ದಾರೆ. ಕಳೆದುಕೊಳ್ಳುವುದು ಬಹಳ ಇದೆ. ರ‍್ಯಾಂಕು, ಚಿನ್ನದ ಪದಕಗಳಿಗೆ ಸಾಮಾನ್ಯವಾಗಿ ಮೊದಲ ಯತ್ನದಲ್ಲೇ ಪಾಸಾಗಿರಬೇಕು. ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್‌ಲಾಗ್ ಇದ್ದವರನ್ನು ಒಳಗೇ ಬಿಡುವುದಿಲ್ಲ. ಹಳ್ಳಿ ಮನೆಗಳಲ್ಲಿ ಇನ್ನೊಂದು ಅಪಾಯ. "ಫೇಲಾದಳಂತೆ" ಅನ್ನುವ ಸುದ್ದಿ ಊರಲ್ಲಿ ಹರಡಿತೋ, ಗಂಡು ನೋಡುವ ಮಾತು ಶುರುವಾಯಿತು ಅಂತಲೇ.

ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ 'ಸ್ಪೆಷಲ್ ಕನ್ಸಿಡರೇಷನ್' ಅಂತ ಹೆಸರು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ತಪ್ಪಿದ ಮೂರು ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು, ವೈದ್ಯರ ಪತ್ರ ಕೊಡಬೇಕು. ಮನೆಯಲ್ಲಿ ಸಾವಾಗಿದ್ದರೂ ಅರ್ಜಿ ಹಾಕಬಹುದು. ಒಪ್ಪಿದರೆ ಬದಲಿ ಪರೀಕ್ಷೆ ಇಡುತ್ತಾರೆ, ಅಷ್ಟೇ. ಅಂಕ ಯಾರೂ ಪುಕ್ಕಟೆ ಕೊಡುವುದಿಲ್ಲ, ಓದಿಯೇ ಬರೆಯಬೇಕು.

ಇಲ್ಲಿ ಈ ಮಾತು ಎತ್ತಿದರೆ ಬರುವ ಮೊದಲ ಉತ್ತರ, "ಎಲ್ಲರೂ ಸುಳ್ಳು ಸರ್ಟಿಫಿಕೇಟ್ ತರ್ತಾರೆ." ತರುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರ ಹೆಸರು ರಿಜಿಸ್ಟರಿನಲ್ಲಿ ಇರುತ್ತದೆ. ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಹಾಜರಾತಿ 75%ಗಿಂತ ಕಡಿಮೆ ಬಿದ್ದಾಗ ವೈದ್ಯಕೀಯ ಕಾರಣಕ್ಕೆ ಸ್ವಲ್ಪ ಕೊರತೆ ಮನ್ನಾ ಮಾಡುವ ನಿಯಮ ಹಲವು ವಿಶ್ವವಿದ್ಯಾಲಯಗಳಲ್ಲಿ ಇದೆಯಲ್ಲ. ಆಗ ನಂಬುವ ಅದೇ ಚೀಟಿಯನ್ನು ಪರೀಕ್ಷೆ ವಿಷಯಕ್ಕೆ ಯಾಕೆ ನಂಬಬಾರದು?

ಇನ್ನು, ನಿಯಮ ಇದ್ದೂ ನಮ್ಮವರಿಗೆ ತಲುಪದ ಸಂಗತಿಗಳೂ ಇವೆ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಕಣ್ಣು ಕಾಣದವರಿಗೆ, ಕೈಯಲ್ಲಿ ಬರೆಯಲಾಗದವರಿಗೆ ಬರಹಗಾರರ ನೆರವು ಇದೆ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಇದೆ. ಮೂರು ಗಂಟೆ ಪೇಪರಿಗೆ ಒಂದು ಗಂಟೆ ಹೆಚ್ಚು ಸಿಕ್ಕ ಹಾಗಾಯ್ತು. 40% ಅಂಗವಿಕಲತೆಯ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸುವವರು ಇದನ್ನು ತಿಳಿಯಬೇಕು: ಯುಪಿಎಸ್‌ಸಿ ಪರೀಕ್ಷೆಯಲ್ಲಿ ಬರಹಗಾರರನ್ನು ನಿರಾಕರಿಸಿದ್ದಕ್ಕೆ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಸುಪ್ರೀಂ ಕೋರ್ಟಿಗೆ ಹೋದರು. 40% ಇರಲೇಬೇಕು ಅನ್ನುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು. ಅದಾದ ಮೇಲೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 40%ಗಿಂತ ಕಡಿಮೆ ಇರುವವರಿಗೂ ಮಾರ್ಗಸೂಚಿ ಹೊರಡಿಸಿತು.

ಬಸುರಿ, ಬಾಣಂತಿ ವಿದ್ಯಾರ್ಥಿನಿಯರ ವಿಷಯವೂ ಹಾಗೇ. ಹಾಜರಾತಿಯಲ್ಲಿ, ಪರೀಕ್ಷಾ ಅರ್ಜಿ ಕಟ್ಟುವ ದಿನಾಂಕದಲ್ಲಿ ಅವರಿಗೆ ರಿಯಾಯಿತಿ ಕೊಡುವ ನಿಯಮ ಮಾಡಿಕೊಳ್ಳಿ ಎಂದು ಯುಜಿಸಿ 2021ರ ಡಿಸೆಂಬರಿನಲ್ಲೇ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ. ಡಿಗ್ರಿ ಓದುವಾಗಲೇ ಮದುವೆಯಾಗುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಪತ್ರದ ಸುದ್ದಿ ಯಾವ ನೋಟಿಸ್ ಬೋರ್ಡಿನಲ್ಲಾದರೂ ಕಂಡಿದೆಯಾ?

ವಿಶ್ವವಿದ್ಯಾಲಯಗಳು ಕೋಟಿ ಖರ್ಚು ಮಾಡಬೇಕಿಲ್ಲ. ಫಲಿತಾಂಶ ಬರುವುದಕ್ಕೆ ಮೊದಲೇ, ಆಸ್ಪತ್ರೆ ಸೇರಿದವರಿಗೆ, ಮನೆಯಲ್ಲಿ ಸಾವಾದವರಿಗೆ ಒಂದು ವಿಶೇಷ ಪರೀಕ್ಷೆ ಇಟ್ಟು, ಅದನ್ನು ಮೊದಲ ಯತ್ನ ಅಂತಲೇ ಪರಿಗಣಿಸಿದರೆ ಸಾಕು.

ಅದು ಆಗುವ ತನಕ ನೀವು ಮಾಡಬಹುದಾದ್ದು ಇಷ್ಟು. ರೂಲ್ಸ್ ಇಲ್ಲ ಅಂದರೂ ಅರ್ಜಿ ಬರೆದೇ ಕೊಡಿ, ಪ್ರಾಂಶುಪಾಲರ ಮೂಲಕ ಪರೀಕ್ಷಾಂಗ ಕುಲಸಚಿವರಿಗೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಓಪಿಡಿ ಚೀಟಿ, ಲ್ಯಾಬ್ ವರದಿ, ಡಿಸ್ಚಾರ್ಜ್ ಪತ್ರ ಎಲ್ಲದರ ಫೋಟೋ ಮೊಬೈಲಿನಲ್ಲಿರಲಿ. ಬರಹಗಾರರು ಬೇಕಾದವರು ಪರೀಕ್ಷೆ ದಿನದ ತನಕ ಕಾಯಬೇಡಿ, ಪರೀಕ್ಷಾ ಫೀಸ್ ಕಟ್ಟುವಾಗಲೇ ಕೇಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ.