ಮಂಕರಿಯ ಕೆಳಗಿನ ಬಂಡವಾಳ



ಕಬ್ಬಿನ ದರ, ಭತ್ತದ ದರ, ಬ್ಯಾಂಕಿನ ನೋಟೀಸು ಇವನ್ನೇ ಇಲ್ಲಿ ಓದಿ ರೂಢಿಯಾದ ನಿಮಗೆ ಕೋಳಿ ಕಾವಿನ ಮಾತು ಕಂಡು ನಗು ಬರಬಹುದು. "ಏನಪ್ಪಾ, ಚಳವಳಿ ಬಿಟ್ಟು ಕೋಳಿ ಹಿಂದೆ ಬಿದ್ದನೇ ಇವನು?" ಅನ್ನಬಹುದು. ನಗಿ, ಬೇಜಾರಿಲ್ಲ. ನಕ್ಕಾದ ಮೇಲೆ ನನ್ನದೊಂದು ಪ್ರಶ್ನೆಗೆ ಉತ್ತರ ಕೊಡಿ. ಬೀಜ ಅಂಗಡಿಯದು, ಗೊಬ್ಬರ ಸೊಸೈಟಿಯದು, ಟ್ರಾಕ್ಟರ್ ಬ್ಯಾಂಕಿನದು. ಯಾರ ಸಹಿಯನ್ನೂ ಕೇಳದೆ, ಯಾರ ಸಾಲವನ್ನೂ ಬೇಡದೆ ಒಂದಕ್ಕೆ ಹತ್ತಾಗುವ ವಸ್ತು ನಿಮ್ಮ ಮನೆಯಲ್ಲಿ ಏನು ಉಳಿದಿದೆ?

ಹಿತ್ತಲಿಗೆ ಹೋಗಿ ನೋಡಿ. ಕಾವಿಗೆ ಕೂತ ನಾಟಿ ಹೇಟೆ ಇದ್ದರೆ ಅದೊಂದೇ ಉಳಿದಿರುವುದು. ಅದೂ ಈಗ ಕಮ್ಮಿಯಾಗುತ್ತಿದೆ.

ಕೋಳಿ ಎಂದರೆ ಈಗ ನಮ್ಮವರ ಕಣ್ಣಿಗೆ ಕಾಣುವುದು ಉದ್ದನೆಯ ಶೆಡ್ಡು. ಕಂಪನಿಯವರು ಮರಿ ಕೊಡುತ್ತಾರೆ, ಫೀಡು ಕೊಡುತ್ತಾರೆ, ಔಷಧಿ ಕೊಡುತ್ತಾರೆ. ಆರು ವಾರದ ಒಳಗೆ ಬಂದು ಕೋಳಿ ಎತ್ತಿಕೊಂಡು ಹೋಗಿ ಕಿಲೋಗೆ ಇಷ್ಟು ಎಂದು ಸಾಕಿದ ಕೂಲಿ ಕೊಡುತ್ತಾರೆ. ಶೆಡ್ಡು ನಿಮ್ಮದು, ಶೆಡ್ಡಿನ ಸಾಲ ನಿಮ್ಮದು, ಕರೆಂಟು, ನೀರು, ಹೊಟ್ಟು, ಮನೆಮಂದಿಯ ನಿದ್ದೆ ಎಲ್ಲಾ ನಿಮ್ಮದು. ಕೋಳಿ ಮಾತ್ರ ನಿಮ್ಮದಲ್ಲ! ಮುಂದಿನ ಬ್ಯಾಚು ಯಾವಾಗ ಬಿಡಬೇಕೆಂಬುದು ಅವರ ಮರ್ಜಿ. ಸಾಲದ ಕಂತಿಗೆ ಆ ಮರ್ಜಿ ಗೊತ್ತಿಲ್ಲ, ಅದು ತಿಂಗಳು ತಿಂಗಳು ಬರುತ್ತದೆ. 2020ರ ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಹಬ್ಬಿ ದರ ನೆಲಕಚ್ಚಿದಾಗ, ಮೇವು ಹಾಕಲಾರದೆ ಜೀವಂತ ಕೋಳಿಗಳನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚಿದ್ದನ್ನು ನಾವೇ ನೋಡಿದ್ದೇವೆ. ಶೆಡ್ಡು ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಕೋಳಿ ಯಾರದು ಎಂದು ಕೇಳಿಕೊಳ್ಳಿ ಎಂದಷ್ಟೇ ಹೇಳುತ್ತಿದ್ದೇನೆ.

ವರ್ಷಕ್ಕೆ 300 ಮೊಟ್ಟೆ ಇಡುವ ಫಾರಂ ಕೋಳಿ ಕಾವು ಕೂರುವುದಿಲ್ಲ. ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತದೆ, ಮೊಟ್ಟೆ ನಿಂತರೆ ಮಾಲೀಕನಿಗೆ ನಷ್ಟ. ಅದಕ್ಕೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ಆ ತಳಿಗಳಿಂದ ತಾಯಿಗುಣವನ್ನೇ ತೆಗೆದಿದ್ದಾರೆ. ಅಂಥ ಕೋಳಿ ಸಾಕಿದವನು ಪ್ರತಿ ಸಲವೂ ಮರಿಗೆ ಇನ್ನೊಬ್ಬರ ಬಾಗಿಲಿಗೆ ಹೋಗಬೇಕು. ಹೈಬ್ರಿಡ್ ಬೀಜದಲ್ಲಿ ನಮಗಾದದ್ದೂ ಇದೇ ಅಲ್ಲವೇ? ನಮ್ಮ ನಾಟಿ ಹೇಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ಅದರ ಹೊಟ್ಟೆಯ ಕೆಳಗೇ ಮರಿ ಮಾಡುವ ಕಾರ್ಖಾನೆ ಇದೆ. ಅದಕ್ಕೆ ಕರೆಂಟು ಬೇಡ, ಸಬ್ಸಿಡಿ ಬೇಡ.

ಕಾವು ಕೂರಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಗೊತ್ತಿಲ್ಲದಿರುವುದು ಜಮೀನಿನ ಯಜಮಾನರಾದ ನಮಗೆ. ಆದ್ದರಿಂದ ಬರೆಯುತ್ತೇನೆ.

ಹುಂಜ ಇಲ್ಲದ ಮನೆಯ ಮೊಟ್ಟೆ ಮರಿಯಾಗದು, ಅಂಗಡಿ ಮೊಟ್ಟೆಯೂ ಮರಿಯಾಗದು. ಕಾವಿಗಿಡುವ ಮೊಟ್ಟೆ ವಾರಕ್ಕಿಂತ ಹಳೆಯದಿರಬಾರದು. ಅಲ್ಲಿಯತನಕ ಚೂಪು ತುದಿ ಕೆಳಗಾಗಿ ತಂಪು ಜಾಗದಲ್ಲಿ ರಾಗಿಯಲ್ಲಿ ಹುದುಗಿಸಿಡಿ. ಒಂದು ಹೇಟೆಗೆ ಹತ್ತು ಹನ್ನೆರಡು ಸಾಕು. ಆಸೆಗೆ ಬಿದ್ದು ಹದಿನೆಂಟು ಇಟ್ಟರೆ ಅಂಚಿನ ಮೊಟ್ಟೆ ತಣ್ಣಗಾಗಿ, ಒಳಗಿನದೂ ಹೊರಗಿನದೂ ಅದಲುಬದಲಾಗಿ ಎಲ್ಲವೂ ಕೆಡುತ್ತವೆ. ಮಂಕರಿಗೆ ಹುಲ್ಲು ಹಾಸಿ, ಹೇನು ಬೀಳದಂತೆ ಬೂದಿ, ಬೇವಿನ ಸೊಪ್ಪು ಹಾಕಿ, ಕತ್ತಲಾದ ಮೇಲೆ ಸದ್ದಿಲ್ಲದೆ ಕೂರಿಸಿ. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ನಮ್ಮ ಅವ್ವ ಕಬ್ಬಿಣದ ಚೂರು, ಇದ್ದಿಲು ಇಡುತ್ತಿದ್ದರು. ಇಡುವವರು ಇಡಿ, ಅದಕ್ಕೇನೂ ಖರ್ಚಿಲ್ಲ. ಏಳನೇ ದಿನ ಕತ್ತಲ ಕೋಣೆಯಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿ. ಕೆಂಪು ನರ ಕಂಡರೆ ಜೀವ ಇದೆ, ಬರೀ ಬೆಳಕು ಹಾಯ್ದರೆ ಬಂಜೆ ಮೊಟ್ಟೆ, ತೆಗೆದುಬಿಡಿ. ಕೋಳಿ ದಿನಕ್ಕೊಂದು ಸಲ ಎದ್ದು ಕಾಳು ನೀರು ಮುಗಿಸಿ ತಾನೇ ಬಂದು ಕೂರುತ್ತದೆ, ಮೊಟ್ಟೆಯನ್ನೂ ತಾನೇ ಹೊರಳಿಸುತ್ತದೆ. 21ನೇ ದಿನ ಮರಿ ಒಡೆಯುತ್ತದೆ. ಒಳಗಿನ ಭಂಡಾರ ಹೊಟ್ಟೆಯಲ್ಲೇ ಇರುವುದರಿಂದ ಮೊದಲ ದಿನ ಮರಿ ತಿನ್ನದಿದ್ದರೂ ಹೆದರಬೇಡಿ.

ನಷ್ಟ ಶುರುವಾಗುವುದು ಆಮೇಲೆ. ಒಂಬತ್ತು ಮರಿಯಲ್ಲಿ ಮೂರು ಉಳಿದರೆ "ಕೋಳಿ ಕೈಹತ್ತಲಿಲ್ಲ" ಅನ್ನುತ್ತೇವೆ. ಕೈಹತ್ತದಿರುವುದಲ್ಲ, ನಾವು ಕೈಬಿಟ್ಟಿದ್ದು. ಹದ್ದು, ಕಾಗೆ, ಬೆಕ್ಕು, ಮುಂಗುಸಿ ಮೊದಲ ತಿಂಗಳಲ್ಲೇ ಅರ್ಧ ಎತ್ತುತ್ತವೆ. ಮೊದಲ ಎರಡು ವಾರ ತಾಯಿಯನ್ನು ಮಂಕರಿ ಕೆಳಗೆ ಮುಚ್ಚಿ, ಮರಿ ನುಸುಳುವಷ್ಟು ಸಂದು ಬಿಡಿ. ಅಕ್ಕಿ ನುಚ್ಚು, ರಾಗಿ ಹಾಕಿ. ಸಗಣಿ ಹುಲ್ಲು ತುಂಬಿದ ಮಡಕೆಯನ್ನು ಹುತ್ತದ ಬಳಿ ಬೋರಲು ಹಾಕಿದರೆ ಬೆಳಿಗ್ಗೆಗೆ ಗೆದ್ದಲು ತುಂಬಿರುತ್ತದೆ, ಮರಿಗೆ ಅದಕ್ಕಿಂತ ಮೇವಿಲ್ಲ. ನೀರಿನ ತಟ್ಟೆಯಲ್ಲಿ ಕಲ್ಲು ಹಾಕಿಡಿ, ಮರಿ ಮುಳುಗಿ ಸಾಯದಿರಲಿ.

ಎಲ್ಲಕ್ಕಿಂತ ದೊಡ್ಡ ಹದ್ದು ಕೊಕ್ಕರೆ ರೋಗ. ಬಂದರೆ ಊರಿಗೆ ಊರೇ ಬರಿದು. ಅದಕ್ಕೆ ಔಷಧಿ ಇಲ್ಲ, ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ, ಎರಡು ತಿಂಗಳಿಗೆ ಒಂದು ಚುಚ್ಚುಮದ್ದು. ಮತ್ತೇಕೆ ಯಾರೂ ಹಾಕಿಸುವುದಿಲ್ಲ? ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಐಸಿನಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿ ಇರುವ ಒಂದು ಮನೆಗೆ ಇದು ಆಗದ ಕೆಲಸ. ಇಡೀ ಊರು ಒಂದೇ ಬೆಳಿಗ್ಗೆ ಕೂಡಿದರೆ ಅರ್ಧ ದಿನದ ಕೆಲಸ. ಸಂಘ ಬೇಕಾಗಿರುವುದು ಇಲ್ಲೇ ಸ್ವಾಮಿ! ಹೆದ್ದಾರಿಯಲ್ಲಿ ಕೂರುವುದಕ್ಕೆ ಮಾತ್ರ ಸಂಘವೇ? ಪಶು ಆಸ್ಪತ್ರೆಗೆ ಹತ್ತು ಜನ ಹೋಗಿ, ಇಂಥ ದಿನ ನಮ್ಮೂರಿಗೆ ಲಸಿಕೆ ಬರಬೇಕು ಎಂದು ಬರೆದುಕೊಟ್ಟು ದಿನ ಗೊತ್ತುಮಾಡಿಸಿಕೊಳ್ಳಿ.

ಈಗ ಲೆಕ್ಕ ಹಾಕೋಣ. ಮೊಟ್ಟೆ ಇಡುವುದು ಎರಡು ಮೂರು ವಾರ, ಕಾವು ಮೂರು ವಾರ, ಮರಿ ಮೇಯಿಸುವುದು ಎರಡು ತಿಂಗಳು. ಹೀಗೆ ವರ್ಷಕ್ಕೆ ಮೂರು ಸುತ್ತು. ಸುತ್ತಿಗೆ ಹನ್ನೆರಡು ಇಟ್ಟು ಒಂಬತ್ತು ಒಡೆದರೆ ವರ್ಷಕ್ಕೆ 27 ಮರಿ. ಮಂಕರಿ ಮತ್ತು ಲಸಿಕೆ ಇಲ್ಲದೆ ಉಳಿಯುವುದು ಒಂಬತ್ತು, ಇದ್ದರೆ ಹದಿನೆಂಟು ಎನ್ನಿ. ಮೂರು ಹೇಟೆ ಇದ್ದರೆ ವ್ಯತ್ಯಾಸ 27 ಕೋಳಿ. ನಿಮ್ಮ ಸಂತೆಯ ನಾಟಿ ಕೋಳಿ ದರದಿಂದ ನೀವೇ ಗುಣಿಸಿ ನೋಡಿ.

ಈ ದುಡ್ಡಿನಿಂದ ಬೆಳೆಸಾಲ ತೀರುತ್ತದೆ ಎಂದು ಹೇಳುವ ಮೂಢ ನಾನಲ್ಲ. ಬೆಳೆಗೆ ಬೆಲೆ ಕೇಳಿದರೆ "ಉಪಕಸುಬು ಮಾಡಿ" ಎಂದು ಬುದ್ಧಿ ಹೇಳುವ ಅಧಿಕಾರಿಗಳ ಜೊತೆ ನನ್ನನ್ನು ಸೇರಿಸಬೇಡಿ. ಬೆಲೆಯ ಜಗಳ ಬೆಲೆಯ ಜಗಳವೇ. ಆದರೆ ನಮ್ಮ ಮನೆಗಳಲ್ಲಿ ಸಾಲ ಒಳಗೆ ಬರುವುದು ದೊಡ್ಡ ಬಾಗಿಲಿನಿಂದಲ್ಲ. ಮಗುವಿನ ಜ್ವರಕ್ಕೆ ಸಾವಿರ, ಸ್ಕೂಲಿಗೆ ಎರಡು ಸಾವಿರ, ಮೀಟರ್ ಬಡ್ಡಿಗೆ ತಂದ ಆ ಕೈಸಾಲವೇ ಬೆಳೆದು ಪಹಣಿಯ ತನಕ ಹೋಗುವುದು. ಆ ಮೊದಲ ಸಾಲವನ್ನು ತಡೆಯುವ ಶಕ್ತಿ ಈ ಕೋಳಿ ಕಾಸಿಗಿದೆ. ಆ ಕಾಸು ಸಾಕಿದವಳ ಕೈಯಲ್ಲೇ ಉಳಿಯಲಿ. ಹೆಂಡತಿಯ ಕೋಳಿ ಮಾರಿ ಬೀಡಿ ಕಾಫಿಗೆ ಕಳೆದು, ಆಮೇಲೆ ಸಾಹುಕಾರನ ಜಗಲಿಯಲ್ಲಿ ಕೂರುವ ನಾವು ಮೊದಲು ನಮ್ಮ ಮುಖ ನೋಡಿಕೊಳ್ಳಬೇಕು.

ಕೊನೆಯ ಮಾತು ದರದ್ದು. 1982ರಲ್ಲಿ ಫಾರಂ ಮೊಟ್ಟೆಯವರು ದೇಶದಾದ್ಯಂತ ಒಟ್ಟಾಗಿ ಸಮನ್ವಯ ಸಮಿತಿ ಮಾಡಿಕೊಂಡು, ವ್ಯಾಪಾರಿ ಹೇಳುತ್ತಿದ್ದ ದರವನ್ನು ತಾವೇ ಹೇಳಲು ಹೊರಟರು. ನಾವು? ಬೈಕಿನಲ್ಲಿ ಬಂದವನು ಕೋಳಿಯ ಕಾಲು ಹಿಡಿದೆತ್ತಿ, ಕಣ್ಣಂದಾಜಿನಲ್ಲಿ ಹೇಳಿದ ಬೆಲೆಗೆ ತಲೆ ಆಡಿಸುತ್ತೇವೆ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಎಂದು 1980ರ ದಶಕದಲ್ಲಿ ನಮ್ಮ ಹಿರಿಯರು ಊರ ಬಾಗಿಲಿಗೆ ಬೋರ್ಡು ಹಾಕಿದ್ದರು. ಇವತ್ತು ನಾವು ಒಂದು ತಕ್ಕಡಿ ತೂಗುಹಾಕಲಾರೆವೇ? ನಮ್ಮೂರಲ್ಲಿ ಕೋಳಿ ತೂಕಕ್ಕೆ ಮಾತ್ರ, ಇಂಥ ದರಕ್ಕೆ ಮಾತ್ರ ಎಂದು ಬರೆದರೆ ಸಾಕು. ಒಂದು ಮನೆ ತಪ್ಪಿದರೆ ಎಲ್ಲರ ದರವೂ ಬಿತ್ತು ಎಂಬುದನ್ನು ಮರೆಯಬೇಡಿ.

ಈ ಸಂಚಿಕೆ ಕೆಳಗಿಟ್ಟು ಮನೆಯಾಕೆಯನ್ನು ಒಂದು ಮಾತು ಕೇಳಿ: "ಕಾವಿಗೆ ಯಾವುದಾದರೂ ಕೂತಿದೆಯಾ?" ಕೂತಿದ್ದರೆ ಅದನ್ನು ಮಾರಬೇಡಿ.