ಒಪ್ಪಿಕೊಂಡರೆ ಕೇಸು ಮುಗಿಯಿತೇ?

1998ರಲ್ಲಿ ಸೋನಿ ಟಿವಿಯಲ್ಲಿ ಶುರುವಾದ ‘ಸಿಐಡಿ’ 2018ರ ತನಕ ಓಡಿತು. ಹಿಂದಿ ಸರಿಯಾಗಿ ಬಾರದ ನಾವೂ ನೋಡಿದೆವು. ಹೆಚ್ಚಿನ ಕೇಸು ಅದೇ ಕಂತಿನಲ್ಲಿ ಮುಗಿಯುತ್ತಿತ್ತು. ಹೋದ ವಾರ ಕರೆಂಟ್ ಇರದಿದ್ದರೂ ಈ ವಾರದ ಕತೆ ತಿಳಿಯುತ್ತಿತ್ತು. ಹೆಣ, ಸುಳಿವು, ಅನುಮಾನ, ಕೊಲೆಗಾರ, ಎಲ್ಲವನ್ನೂ ಒಂದು ಗಂಟೆಯೊಳಗೆ ಬರೆಯುವುದು ಸುಲಭವಲ್ಲ.

ಆದರೆ ಆ ಆತುರಕ್ಕೆ ಬರಹಗಾರರು ಅಡ್ಡದಾರಿ ಹಿಡಿದರು. ಕೆನ್ನೆಗೊಂದು ಏಟು, ಆರೋಪಿ ಒಪ್ಪಿಕೊಂಡ, ಕತೆ ಮುಗೀತು. ನಾವು ವರದಿಗೆ ಹೋದಲ್ಲೂ ಜನ ಕೇಳುತ್ತಾರೆ: ‘ಒಪ್ಕೊಂಡಿದಾನಲ್ಲ ಸಾರ್, ಇನ್ಯಾಕೆ ಕೋರ್ಟು?’

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಆ ಮಾತಿನಿಂದ ಚಾಕುವೋ ಒಡವೆಯೋ ಸಿಕ್ಕರೆ ಅಷ್ಟು ಭಾಗ ಮಾತ್ರ ನಡೆಯುತ್ತದೆ. 1872ರ ಕಾಯ್ದೆಯಲ್ಲೂ ಹಾಗಿತ್ತು, 2024ರ ಜುಲೈನಲ್ಲಿ ಜಾರಿಯಾದ ಹೊಸ ಕಾನೂನಿನಲ್ಲೂ ಹಾಗೇ ಇದೆ.

ಅಮೆರಿಕದಲ್ಲಿ 1990ರಲ್ಲಿ ಬಂದ ‘ಲಾ ಅಂಡ್ ಆರ್ಡರ್’ ಒಂದೇ ಕಂತಿನಲ್ಲಿ ಅರ್ಧ ತನಿಖೆ, ಅರ್ಧ ಕೋರ್ಟು ತೋರಿಸಿತು. ಅಲ್ಲಿ ಕೆಲವೊಮ್ಮೆ ಕೇಸು ಬಿದ್ದೂ ಹೋಗುತ್ತಿತ್ತು.

ಕನ್ನಡದಲ್ಲಿ ಇಂಥ ಕಂತು ಬರೆಯುವವರು ಕೊನೆಯ ಹತ್ತು ನಿಮಿಷವನ್ನು ಕೋರ್ಟಿಗೆ ಬಿಡಲಿ. ನಾಳೆ ಸುಳ್ಳು ಕೇಸಿನಲ್ಲಿ ನಮ್ಮೂರ ಹುಡುಗ ಸಿಕ್ಕಿಬಿದ್ದರೆ, ‘ಒಪ್ಕೊಂಡನಂತೆ’ ಅಂತ ಊರೇ ಕೈಬಿಡಬಾರದು.