ಟೀವಿ ಕಣ್ಣಿಗೆ ಜಗಳೂರು ಕಾಣೋದಿಲ್ಲವೇ?

2023ರ ವಿಧಾನಸಭಾ ಚುನಾವಣೆಯಲ್ಲಿ ಜಗಳೂರಿನ ಹಣೆಬರಹ ನಿಂತಿದ್ದು ಬರೀ 874 ಮತಗಳ ಮೇಲೆ. ಕಾಂಗ್ರೆಸ್ಸಿನ ಬಿ. ದೇವೇಂದ್ರಪ್ಪ ಗೆದ್ದರು, ಬಿಜೆಪಿಯ ಎಸ್.ವಿ. ರಾಮಚಂದ್ರ ಸೋತರು. ಮೂರನೇ ಸ್ಥಾನದ ಪಕ್ಷೇತರ ಎಚ್.ಪಿ. ರಾಜೇಶ್ ಕೂಡ ತುಸುವೇ ಹಿಂದಿದ್ದರು.

ಆದರೆ 1998ರಿಂದ ಜಾರಿಯಲ್ಲಿರುವ ಚುನಾವಣಾ ಆಯೋಗದ ಯೋಜನೆಯಂತೆ ದೂರದರ್ಶನದಲ್ಲಿ ಉಚಿತ ಸಮಯ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಪಕ್ಷೇತರರಿಗೆ ಒಂದು ನಿಮಿಷವೂ ಇಲ್ಲ! ಖಾಸಗಿ ಚಾನೆಲ್ಲುಗಳಿಗೆ ಈ ಕಟ್ಟಳೆ ಇಲ್ಲ. ಆದರೂ ಅವರ ಕ್ಯಾಮೆರಾ ಓಡೋದು ದೊಡ್ಡ ನಾಯಕರ ಹಿಂದೆಯೇ.

ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಗ್ಗೆ ಯಾರು ಏನಂತಾರೆ? ಮತದಾರನಿಗೆ ಬೇಕಾದ ಸುದ್ದಿ ಇದು. ಕಣದಲ್ಲಿರುವ ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ ಕೇಳಲಿ, ಅಷ್ಟೇ ನಿಮಿಷ ಕೊಡಲಿ. ಗೆಲ್ಲಿಸೋದು, ಸೋಲಿಸೋದು ಜನರ ಕೆಲಸ. ಮೊದಲೇ ಒಬ್ಬರಿಗೆ ಮಣೆ ಹಾಕೋದು ಟೀವಿಯವರ ಕೆಲಸವಲ್ಲ.